ದಂಡಿ ಅಡಿಗಳ ಹಗ್ಗ

ಅರುವತ್ತುಮೂವರು ಪುರಾತನರ ಚರಿತೆಗಳನ್ನು ಹಿರಿಯರ ಬಾಯಿಂದ ಕೇಳಿ ಬೆಳೆದ ಮನೆತನಗಳು ನಮ್ಮಲ್ಲಿ ಇನ್ನೂ ಉಂಟು. ಕಣ್ಣನ್ನೇ ಕಿತ್ತು ಶಿವನಿಗೆ ಒಪ್ಪಿಸಿದ ಕಣ್ಣಪ್ಪನನ್ನು ಅರಿಯದ ಭಕ್ತರಿಲ್ಲ. ಆದರೆ ಹುಟ್ಟಿನಿಂದಲೇ ಕಣ್ಣಿಲ್ಲದಿದ್ದ ದಂಡಿ ಅಡಿಗಳ ವೃತ್ತಾಂತವನ್ನು ಬಲ್ಲವರು ವಿರಳ. ಅದನ್ನು ಮೊದಲು ಸಂಕ್ಷೇಪವಾಗಿ ಹೇಳಿ ಬಳಿಕ ಪ್ರಕೃತ ವಿಷಯಕ್ಕೆ ಬರುತ್ತೇವೆ.

ತಮಿಳುನಾಡಿನ ತಿರುವಾರೂರಿನಲ್ಲಿದ್ದ ಈ ಭಕ್ತನಿಗೆ ಅಲ್ಲಿಯ ದೇವಾಲಯದ ಕೊಳವು ಕಿರಿದಾಗುತ್ತ ಬಂದುದನ್ನು ಕೇಳಿ ವ್ಯಸನವಾಯಿತು. ಅದನ್ನು ಅಗೆದು ವಿಸ್ತರಿಸುವುದೇ ತನ್ನ ಸೇವೆಯೆಂದು ನಿಶ್ಚಯಿಸಿದನು. ಕಣ್ಣು ಕಾಣದವನು ಹಳ್ಳಕ್ಕೆ ಇಳಿದು, ಮಣ್ಣು ಹೊತ್ತು, ದಡಕ್ಕೆ ಬರುವುದು ಹೇಗೆ? ಅಗೆಯುವ ಸ್ಥಳದಲ್ಲಿ ಒಂದು ಗೂಟವನ್ನೂ ದಡದ ಮೇಲೆ ಇನ್ನೊಂದು ಗೂಟವನ್ನೂ ನೆಟ್ಟು, ಎರಡರ ನಡುವೆ ಹಗ್ಗವನ್ನು ಬಿಗಿದು, ಅದನ್ನು ಕೈಯಿಂದ ತಡವುತ್ತ ಹೋಗಿ ಬಂದು ಬುಟ್ಟಿ ಬುಟ್ಟಿಯಾಗಿ ಮಣ್ಣನ್ನು ಹೊರಹಾಕಿದನು. ಅವನ ಕೆಲಸವನ್ನು ಸಹಿಸದವರು ಬಂದು ಮೂದಲಿಸಿದರು, ಆತನು ನಿಲ್ಲಿಸಲಿಲ್ಲ. ಆಗ ಅವರು ಗುದ್ದಲಿ ಬುಟ್ಟಿಗಳನ್ನು ಕಸಿದುಕೊಂಡು, ಗೂಟಗಳನ್ನು ಕಿತ್ತು, ಹಗ್ಗವನ್ನು ಎಸೆದರು. ಕೊನೆಗೆ ಶಿವಕೃಪೆಯಿಂದ ಅವನಿಗೆ ದೃಷ್ಟಿ ಬಂದಿತೆಂದು ಹನ್ನೆರಡನೆಯ ಶತಮಾನದ ಸೇಕ್ಕಿಳಾರನ ಪುರಾಣವು ಹೇಳುತ್ತದೆ.

ಈ ಕಥೆಯನ್ನು ಹೇಳುವವರು ಕೊನೆಯ ಪವಾಡವನ್ನು ವಿಸ್ತರಿಸುತ್ತಾರೆ. ನಡುವಿನ ಹಗ್ಗವನ್ನು ಮರೆಯುತ್ತಾರೆ. ನಮಗಾದರೋ ಹಗ್ಗವೇ ಮುಖ್ಯವಾಗಿ ತೋರುತ್ತದೆ. ಕಣ್ಣು ಬರುವ ಮೊದಲೇ ದಂಡಿ ಅಡಿಗಳು ಭಕ್ತರಾಗಿದ್ದರು, ಕೆಲಸಗಾರರಾಗಿದ್ದರು. ಅವರಿಗೂ ಆ ಕೆಲಸಕ್ಕೂ ನಡುವೆ ಬೇಕಾಗಿದ್ದುದು ಎರಡು ಗೂಟ ಮತ್ತು ಒಂದು ಹಗ್ಗ, ಅಷ್ಟೆ. ಅದನ್ನು ಕಿತ್ತೊಡನೆ ಅವರು ಅಸಹಾಯಕರಾದರು. ಆ ಅಸಹಾಯಕತೆಯು ಅವರ ಕಣ್ಣಿನಿಂದ ಬಂದುದಲ್ಲ, ಕಿತ್ತವರ ಕೈಯಿಂದ ಬಂದುದು. 2006ನೆಯ ಇಸವಿಯ ಡಿಸೆಂಬರ್ 13ರಂದು ವಿಶ್ವಸಂಸ್ಥೆಯು ಅಂಗೀಕರಿಸಿ, 2007ರಲ್ಲಿ ಭಾರತವು ಒಪ್ಪಿ ಸಹಿ ಹಾಕಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯು ಉದ್ದವಾದ ಮಾತುಗಳಲ್ಲಿ ಹೇಳುವುದೂ ಇದನ್ನೇ: ದೇಹದ ಕೊರತೆಯು ಸಮಾಜದ ಅಡ್ಡಿಗಳೊಡನೆ ಕೂಡಿದಾಗ ಅಂಗವೈಕಲ್ಯವು ಉಂಟಾಗುತ್ತದೆ.

ಇಲ್ಲಿ ಶಬ್ದದ ವಿಷಯವಾಗಿ ಒಂದು ಮಾತು. ಸರ್ಕಾರದ ಕಾಗದಪತ್ರಗಳಲ್ಲಿ 'ವಿಕಲಚೇತನ' ಎಂಬ ಪದವು ರೂಢಿಗೆ ಬಂದಿದೆ. ನೋಯಿಸಬಾರದೆಂಬ ಸದುದ್ದೇಶದಿಂದ ಅದನ್ನು ತಂದಿರಬಹುದು. ಆದರೆ ನಮ್ಮ ಸಿದ್ಧಾಂತವನ್ನು ಬಲ್ಲವರಿಗೆ ಈ ಪದವು ಹಿಡಿಸಲಾರದು. ಕಾಲು ವಿಕಲವಾಗಬಹುದು, ಕಿವಿ ವಿಕಲವಾಗಬಹುದು, ಚೈತನ್ಯವು ವಿಕಲವಾಗುವುದೆಂತು? ಷಟ್‌ಸ್ಥಲದ ಪರಿಭಾಷೆಯಲ್ಲಿ 'ಅಂಗ'ವೆಂದರೆ ಕೈಕಾಲುಗಳಲ್ಲ, ಲಿಂಗದೊಡನೆ ಸಾಮರಸ್ಯವನ್ನು ಬಯಸುವ ಜೀವನು. ಆ ಅಂಗಕ್ಕೆ ಊರುಗೋಲು ಬೇಕಾಗಿಲ್ಲ. ಆದುದರಿಂದ ಕಚೇರಿಯ ಹೆಸರುಗಳನ್ನು ಹೇಳಬೇಕಾದ ಕಡೆ ಅವರ ಪದವನ್ನೇ ಇಟ್ಟುಕೊಂಡು, ಉಳಿದೆಡೆ ಹಳೆಯ 'ಅಂಗವಿಕಲ' ಶಬ್ದವನ್ನೇ ಬಳಸುತ್ತೇವೆ. ಯಾವ ಹೆಸರಿನಿಂದ ಕರೆದರೂ ಬಾಗಿಲು ತೆರೆಯದಿದ್ದರೆ ಪ್ರಯೋಜನವಿಲ್ಲವೆಂಬುದು ಬೇರೆ ಮಾತು.

ದೇಹವನ್ನು ದೇಗುಲವಾಗಿ ಕಂಡ ಬಸವಣ್ಣನವರ ವಚನವನ್ನು ನಮ್ಮ ಮಕ್ಕಳು ಶಾಲೆಯಲ್ಲಿಯೇ ಕಲಿಯುತ್ತಾರೆ. ಅಲ್ಲಿ ಅವಯವಗಳು ಗುಡಿಯ ಭಾಗಗಳಾಗಿ ನಿಲ್ಲುತ್ತವೆ. ಹಾಗಾದರೆ ಕಾಲಿಲ್ಲದವನ ಗುಡಿಗೆ ಆಧಾರವಿಲ್ಲವೇ ಎಂದು ಬಾಲಕನೊಬ್ಬನು ಕೇಳಿದರೆ ಉಪಾಧ್ಯಾಯರು ಏನೆನ್ನಬೇಕು? ಆ ವಚನದ ಭಾರವು ಅವಯವಗಳ ಮೇಲೆ ಬಿದ್ದಿಲ್ಲ. ಕಟ್ಟಿ ನಿಲ್ಲಿಸಿದ್ದಕ್ಕಿಂತ ಜೀವಂತವಾದುದು ಹಿರಿದೆಂಬುದರ ಮೇಲೆ ಬಿದ್ದಿದೆ. ಹಾಸಿಗೆಯಲ್ಲಿ ಮಲಗಿದ್ದರೂ ಜೀವವು ಜಂಗಮವೇ. ಇಷ್ಟಲಿಂಗದ ಮಾತೂ ಅಂತೆಯೇ. ಗುಡಿಯ ಮೆಟ್ಟಿಲುಗಳನ್ನು ಹತ್ತಲಾರದವನ ಅಂಗೈಗೆ ಶರಣರು ದೇವರನ್ನೇ ತಂದುಕೊಟ್ಟರು. ಜಾತಿಯ ಕಾರಣದಿಂದ ಹೊರಗೆ ನಿಂತಿದ್ದವರಿಗೆ ಅದರಿಂದ ಒದಗಿದ ಬಿಡುಗಡೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಕಾಲಿನ ಕಾರಣದಿಂದ ಹೊರಗುಳಿದವರಿಗೂ ಅದು ಬಿಡುಗಡೆಯೇ ಆಗಿತ್ತೆಂಬುದನ್ನು ಹೇಳಿದವರು ಕಡಿಮೆ. ಮೆಟ್ಟಿಲಿಲ್ಲದ ದೇವರನ್ನು ಪಡೆದ ನಾವು ಮಠ, ಕಲ್ಯಾಣಮಂಟಪ, ಪಾಠಶಾಲೆಗಳಿಗೆ ಎತ್ತರವಾದ ಮೆಟ್ಟಿಲುಗಳನ್ನು ಕಟ್ಟಿಸಿ ಅದನ್ನು ಭವ್ಯತೆಯೆಂದು ಕರೆಯುತ್ತಿರುವುದು ವಿಚಿತ್ರ.

ಇನ್ನು ಕರ್ಮದ ಮಾತು. ಅಂಗವಿಕಲವಾದ ಮಗು ಹುಟ್ಟಿದ ಮನೆಗೆ ನೆರೆಹೊರೆಯವರು ಹೋಗಿ, ಹಿಂದಿನ ಜನ್ಮದ ಪಾಪವೆಂದು ಸಮಾಧಾನ ಹೇಳಿ ಬರುವುದನ್ನು ಬಳ್ಳಾರಿಯಲ್ಲಿಯೂ ಕಾಣುತ್ತೇವೆ, ಹಳ್ಳಿಗಳಲ್ಲಿಯೂ ಕಾಣುತ್ತೇವೆ. ಅದು ಸಮಾಧಾನವಲ್ಲ, ತಾಯಿಯ ಎದೆಗೆ ಇರಿದ ಚೂರಿ. ನಮ್ಮ ಸಂಪ್ರದಾಯದಲ್ಲಿ ಶಿಶುವು ಗರ್ಭದಲ್ಲಿರುವಾಗಲೇ ಲಿಂಗಧಾರಣೆಯ ಸಂಸ್ಕಾರವುಂಟು. ದೀಕ್ಷೆಯಿಂದ ಪೂರ್ವಾಶ್ರಯವು ಅಳಿಯಿತೆಂದು ನಂಬುವವರು, ಕೊರಳಲ್ಲಿ ಲಿಂಗವಿರುವ ಮಗುವಿನ ಪೂರ್ವಜನ್ಮದ ಲೆಕ್ಕವನ್ನು ತೆಗೆಯುವುದು ತಮ್ಮ ನಂಬಿಕೆಯನ್ನೇ ಅಲ್ಲಗಳೆದಂತೆ. ಕುಲವನ್ನು ಅರಸಬಾರದೆಂಬ ಶರಣರ ನಿಷೇಧವು ಜನ್ಮಾಂತರವನ್ನು ಅರಸುವುದಕ್ಕೂ ಸಲ್ಲುತ್ತದೆ.

ಲೌಕಿಕವಾದ ಕಾರಣಗಳು ಬೇಕಾದಷ್ಟಿವೆ. ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ ಉಸಿರು ಸಿಕ್ಕದೆ ಮಿದುಳಿಗೆ ಪೆಟ್ಟಾಗುವುದುಂಟು. ಸೋದರಮಾವನಿಗೂ ಅಕ್ಕನ ಮಗಳಿಗೂ ಮದುವೆ ಮಾಡುವ ರೂಢಿಯಿಂದ ಹುಟ್ಟುಕಿವುಡು ಮೊದಲಾದುವುಗಳ ಸಂಭವವು ಹೆಚ್ಚುತ್ತದೆ. ಬಳ್ಳಾರಿ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದೆ; ಲೀಟರಿಗೆ 1.5 ಮಿಲಿಗ್ರಾಮಿಗಿಂತ ಮೇಲಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದುತ್ತದೆ, ಪ್ರಮಾಣವು ಇನ್ನೂ ಏರಿದ ಕಡೆ ಮೂಳೆ ಬಿಗಿಯುತ್ತದೆ, ಕಾಲು ಬಾಗುತ್ತದೆ. ಪೋಲಿಯೋ ಒಂದೇ ಅಲ್ಲವೆ ಎಂದು ಹಿಂದೆ ಹೇಳುತ್ತಿದ್ದರು. ಅದನ್ನು ಲಸಿಕೆಯು ಓಡಿಸಿತು. ದೇಶದಲ್ಲಿ ಅದರ ಕೊನೆಯ ಪ್ರಕರಣವು 2011ರ ಜನವರಿಯದು, 2014ರ ಮಾರ್ಚ್ 27ರಂದು ಭಾರತವು ಪೋಲಿಯೋಮುಕ್ತವೆಂಬ ಪ್ರಮಾಣಪತ್ರವನ್ನು ಪಡೆಯಿತು. ಹಿಂದಿನ ಜನ್ಮದ ಪಾಪವಾಗಿದ್ದರೆ ಎರಡು ಹನಿ ಔಷಧದಿಂದ ಹೋಗುತ್ತಿರಲಿಲ್ಲ.

ಕಾರಣವನ್ನು ತಡೆಯುವುದು ಒಂದು ಕೆಲಸ; ಈಗಾಗಲೇ ನಮ್ಮೊಡನಿರುವವರಿಗೆ ಎಡೆಮಾಡುವುದು ಇನ್ನೊಂದು. ಮೊದಲನೆಯದನ್ನು ಹೇಳಿ ಎರಡನೆಯದನ್ನು ತಪ್ಪಿಸಿಕೊಳ್ಳುವುದು ಸುಲಭವಾದುದರಿಂದ ಇಲ್ಲಿಂದ ಮುಂದೆ ಎರಡನೆಯದನ್ನೇ ಕುರಿತು ಹೇಳುತ್ತೇವೆ.

2011ರ ಜನಗಣತಿಯಲ್ಲಿ ದೇಶದಲ್ಲಿ 2 ಕೋಟಿ 68 ಲಕ್ಷ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಮೇಲ್ಪಟ್ಟು ಅಂಗವಿಕಲರೆಂದು ಲೆಕ್ಕ ಸಿಕ್ಕಿತು. ದೇಶದ ಲೆಕ್ಕವು ನೂರಕ್ಕೆ ಎರಡಕ್ಕಿಂತ ತುಸು ಹೆಚ್ಚು. ಪ್ರಪಂಚದಲ್ಲಿ ಆರು ಮಂದಿಗೆ ಒಬ್ಬರು ಗಣನೀಯವಾದ ವೈಕಲ್ಯವುಳ್ಳವರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಇಷ್ಟೊಂದು ಅಂತರಕ್ಕೆ ಎಣಿಕೆಯ ವಿಧಾನವೂ ಕಾರಣ, ಒಳಕೋಣೆಯ ಬಾಗಿಲೂ ಕಾರಣ. ಅಕ್ಕತಂಗಿಯರ ಸಂಬಂಧ ಕೂಡಿಬರಲಿಕ್ಕಿಲ್ಲವೆಂಬ ಅಂಜಿಕೆಯಿಂದ ಬುದ್ಧಿ ಬೆಳೆಯದ ಮಗನ ಹೆಸರನ್ನು ಗಣತಿದಾರರಿಗೆ ಹೇಳದೆ ಬಿಡುವ ಮನೆಗಳಿವೆ. ಹೆಣ್ಣು ನೋಡಲು ಬೀಗರು ಬಂದ ದಿನ ಆ ಮಗನನ್ನು ಹಿತ್ತಲಿನಲ್ಲಿ ಕೂರಿಸುವ ಮನೆಗಳೂ ಇವೆ. 2027ನೆಯ ಇಸವಿಯ ಜನಗಣತಿಗೆ ಸರ್ಕಾರವು ಪ್ರಕಟಣೆಯನ್ನು ಹೊರಡಿಸಿದೆ. ಹೆಸರು ಬರೆಸದವನಿಗೆ ಯೋಜನೆಯಲ್ಲಿ ಪಾಲಿಲ್ಲ.

ಪಾಲೆಂದಾಗ ನೆನಪಾಗುವುದು ಹೊಲಮನೆಗಳ ಪಾಲು. ಗೃಹಸ್ಥರು ಇದನ್ನು ಸಾವಧಾನವಾಗಿ ಓದಬೇಕು.

ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಕುರುಡರು, ಹುಟ್ಟುಕಿವುಡರು, ಮೂಗರು, ಬುದ್ಧಿಮಾಂದ್ಯರು ಮುಂತಾದವರಿಗೆ ಪಿತ್ರಾರ್ಜಿತದಲ್ಲಿ ಭಾಗವಿಲ್ಲವೆಂದೂ ಅವರಿಗೆ ಅನ್ನವಸ್ತ್ರಗಳನ್ನು ಕೊಟ್ಟರೆ ಸಾಕೆಂದೂ ವಿಧಿಸಿತು. ಬ್ರಿಟಿಷರ ನ್ಯಾಯಾಲಯಗಳೂ ಬಹುಕಾಲ ಈ ಬಗೆಯ ನಿಷೇಧಗಳನ್ನು ಎತ್ತಿಹಿಡಿದುವು. 1928ರಲ್ಲಿ ಒಂದು ಶಾಸನವು ಬಂದು, ಹುಟ್ಟಿನಿಂದಲೇ ಬುದ್ಧಿಭ್ರಮಣೆ ಅಥವಾ ಬುದ್ಧಿಮಾಂದ್ಯವುಳ್ಳವರನ್ನು ಬಿಟ್ಟು ಉಳಿದವರ ಮೇಲಿದ್ದ ನಿಷೇಧವನ್ನು ತೆಗೆದುಹಾಕಿತು. ಆಗ ಬಳ್ಳಾರಿಯು ಮದರಾಸು ಪ್ರಾಂತದಲ್ಲಿದ್ದಿತು. ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಮೂರು ವರ್ಷಗಳೊಳಗೆ, 1956ರಲ್ಲಿ, ಹಿಂದೂ ಉತ್ತರಾಧಿಕಾರ ಅಧಿನಿಯಮವು ಜಾರಿಗೆ ಬಂದಿತು. ಅದರ 28ನೆಯ ಪ್ರಕರಣವು ಯಾವ ರೋಗವಾಗಲಿ, ನ್ಯೂನತೆಯಾಗಲಿ, ಅಂಗವಿಕಾರವಾಗಲಿ ಉತ್ತರಾಧಿಕಾರಕ್ಕೆ ಅಡ್ಡಿಯಲ್ಲವೆಂದು ಸ್ಪಷ್ಟಪಡಿಸಿತು. ತಮಗೆ ಅದು ಅನ್ವಯಿಸುವುದೋ ಇಲ್ಲವೋ ಎಂದು ಯಾರೂ ಸಂಶಯಪಡಬೇಕಾಗಿಲ್ಲ; ವೀರಶೈವರ ಮತ್ತು ಲಿಂಗಾಯತರ ಹೆಸರುಗಳನ್ನು ಅಧಿನಿಯಮದ 2ನೆಯ ಪ್ರಕರಣವೇ ಎತ್ತಿ ಹೇಳಿದೆ. 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳು ಹುಟ್ಟಿನಿಂದಲೇ ಸಮಭಾಗಿಗಳಾದುದರಿಂದ ಕಾಲಿಲ್ಲದ ಮಗಳ ಭಾಗವೂ ಅಣ್ಣನ ಭಾಗದಷ್ಟೇ.

ಕಾಗದದಲ್ಲಿ ಹೀಗಿದೆ. ತುಂಗಭದ್ರೆಯ ಕಾಲುವೆ ನೀರು ಹರಿಯುವ ಸಿರುಗುಪ್ಪದ ಬತ್ತದ ಗದ್ದೆಯ ಒಂದೊಂದು ಎಕರೆಗೂ ಬೆಲೆಯುಂಟು. ಮೂವರು ಗಂಡುಮಕ್ಕಳ ಒಂದು ಒಕ್ಕಲುಮನೆಯನ್ನು ಕಲ್ಪಿಸಿಕೊಳ್ಳೋಣ. ಕೊನೆಯವನಿಗೆ ಮಾತು ಬಾರದು. ತಂದೆಯ ಕಾಲಾನಂತರ ಹಿರಿಯರಿಬ್ಬರು ಕುಳಿತು, ಅವನಿಗೇಕೆ ಹೊಲ, ಅವನನ್ನು ನಾವೇ ನೋಡಿಕೊಳ್ಳುತ್ತೇವಲ್ಲವೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು, ಹಕ್ಕುಬಿಡುಗಡೆ ಪತ್ರಕ್ಕೆ ಅವನ ಹೆಬ್ಬೆಟ್ಟನ್ನು ಒತ್ತಿಸುತ್ತಾರೆ. ಅವರು ದುಷ್ಟರಲ್ಲ. ಹತ್ತು ವರ್ಷ ಅವನಿಗೆ ಊಟ ಹಾಕುತ್ತಾರೆ. ಸೊಸೆಯಂದಿರ ಕಾಲ ಬಂದಾಗ ತಟ್ಟೆಯು ಪಡಸಾಲೆಯಿಂದ ಹಿತ್ತಲಿಗೆ ಹೋಗುತ್ತದೆ. ಅನ್ನವಸ್ತ್ರ ಕೊಟ್ಟರೆ ಸಾಕೆಂಬ ಮನುವಿನ ವಿಧಿಯೇ ಇದಲ್ಲವೆ? ಸ್ಮೃತಿಯ ಕುಲಭೇದವನ್ನು ಹನ್ನೆರಡನೆಯ ಶತಮಾನದಲ್ಲಿಯೇ ತಿರಸ್ಕರಿಸಿದೆವೆಂದು ಹೇಳುವ ಮನೆಯಲ್ಲಿ ಸ್ಮೃತಿಯು ಹಿತ್ತಲ ಬಾಗಿಲಿನಿಂದ ಬಂದು ಕುಳಿತಿದೆ. ಹೊಲವು ಅವನ ಹೆಸರಿನಲ್ಲಿದ್ದರೆ ಗೇಣಿಗೆ ಕೊಟ್ಟಾದರೂ ಅವನು ತನ್ನ ತಟ್ಟೆಯನ್ನು ತಾನೇ ಇಟ್ಟುಕೊಂಡಾನು.

ಬುದ್ಧಿ ಬೆಳೆಯದವರ, ಆಟಿಸಂ ಅಥವಾ ಮಿದುಳುವಾತವುಳ್ಳವರ, ಬಹುವಿಧ ವೈಕಲ್ಯವುಳ್ಳವರ ಆಸ್ತಿಯನ್ನು ಕಾಯಲು 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದ ಮೇರೆಗೆ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಯು ಪಾಲಕರನ್ನು ನೇಮಿಸುತ್ತದೆ. ಹದಿನೆಂಟು ತುಂಬಿದ ಮೇಲೆ ತಂದೆತಾಯಿಗಳೇ ಆದರೂ ಈ ನೇಮಕವನ್ನು ಪಡೆಯುವುದು ಮೇಲು. ಪಾಲಕರು ಆಸ್ತಿಯ ಪಟ್ಟಿಯನ್ನೂ ವರ್ಷದ ಲೆಕ್ಕವನ್ನೂ ಒಪ್ಪಿಸಬೇಕಾಗುತ್ತದೆ. ತಾವು ಸತ್ತ ಮೇಲೆ ಈ ಮಗುವಿನ ಗತಿಯೇನೆಂದು ರಾತ್ರಿಯೆಲ್ಲ ನಿದ್ದೆಗೆಡುವ ತಾಯಂದಿರು ಈ ಸಮಿತಿಯ ಹೆಸರನ್ನೇ ಕೇಳಿರುವುದಿಲ್ಲ.

ವಿದ್ಯೆಯ ವಿಷಯದಲ್ಲಿ ನಮ್ಮ ಸಮಾಜಕ್ಕೆ ಅಭಿಮಾನದಿಂದ ಹೇಳಿಕೊಳ್ಳುವಂಥ ಒಂದು ಉದಾಹರಣೆಯಿದೆ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಅಂಧಬಾಲಕನೊಬ್ಬನ ಕಂಠವನ್ನು ಕೇಳಿದ ಹಾನಗಲ್ಲ ಕುಮಾರ ಸ್ವಾಮಿಗಳು, ಅವನಿಗೆ ಒಂದು ಹೊತ್ತಿನ ಊಟ ಕೊಟ್ಟು ಕಳುಹಿಸಲಿಲ್ಲ, ಸಂಗೀತವಿದ್ಯೆಯನ್ನೇ ಕೊಡಿಸಿದರು. ಆ ಬಾಲಕರೇ ಪಂಚಾಕ್ಷರಿ ಗವಾಯಿಗಳು. ಅವರು ಕಟ್ಟಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಬೆಳೆದರು. 2010ರಲ್ಲಿ ಪದ್ಮಭೂಷಣವನ್ನು ಪಡೆದು, ಅದೇ ವರ್ಷದ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾದರು. ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಪಂಚಾಕ್ಷರಿ ಗವಾಯಿಗಳ ಶಿಷ್ಯರಲ್ಲಿ ಬಸವರಾಜ ರಾಜಗುರುಗಳಂಥ ಕಣ್ಣುಳ್ಳವರೂ ಇದ್ದರು. ಕಣ್ಣಿಲ್ಲದ ಗುರುವಿನ ಮುಂದೆ ಕಣ್ಣುಳ್ಳ ಶಿಷ್ಯನು ಕುಳಿತು ಕಲಿತನು. ಒಟ್ಟಿಗೆ ಕಲಿಯುವುದೆಂದು ಈಗ ಯಾವುದನ್ನು ಶಿಕ್ಷಣತಜ್ಞರು ಹೇಳುತ್ತಾರೋ ಅದರ ಬೀಜವು ಅಲ್ಲಿದೆ.

ಆದರೆ ಈ ಉಜ್ವಲವಾದ ಉದಾಹರಣೆಯೇ ನಮಗೆ ಒಂದು ನೆಪವೂ ಆಗಿದೆಯೆಂದು ಹೇಳದೆ ವಿಧಿಯಿಲ್ಲ. ಕುರುಡು ಮಗುವೊಂದು ಕಂಡರೆ ಗದಗಿಗೆ ಕಳುಹಿಸಿರೆಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಸ್ವರಜ್ಞಾನವಿಲ್ಲದ, ಲೆಕ್ಕದಲ್ಲಿ ಚುರುಕಾದ, ವಕೀಲನಾಗಬೇಕೆಂದು ಬಯಸುವ ಅಂಧಬಾಲಕನು ಎಲ್ಲಿಗೆ ಹೋಗಬೇಕು? ಅವನು ಹೋಗಬೇಕಾದುದು ತನ್ನ ಓಣಿಯ ಶಾಲೆಗೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಗಣನೀಯ ವೈಕಲ್ಯವುಳ್ಳ, ಆರರಿಂದ ಹದಿನೆಂಟು ವಯಸ್ಸಿನ ಮಕ್ಕಳಿಗೆ ನೆರೆಯ ಶಾಲೆಯಲ್ಲಾಗಲಿ ತಾವು ಆರಿಸಿಕೊಂಡ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕನ್ನು ಅದರ 31ನೆಯ ಪ್ರಕರಣವು ಕೊಟ್ಟಿದೆ. 1995ರ ಹಳೆಯ ಶಾಸನದಲ್ಲಿ ಏಳು ಬಗೆಯ ವೈಕಲ್ಯಗಳಿದ್ದುವು; ಹೊಸದರಲ್ಲಿ ಇಪ್ಪತ್ತೊಂದು ಇವೆ. ಓದಿನಲ್ಲಿ ಅಕ್ಷರಗಳು ಕಲಸಿಕೊಳ್ಳುವ ಮಗುವೂ ಅವುಗಳಲ್ಲಿ ಸೇರಿದೆ. ಅಂಥ ಮಗುವನ್ನು ದಡ್ಡನೆಂದು ಬಯ್ದು ಕುರಿ ಕಾಯಲು ಕಳುಹಿಸಿದ ಮನೆಗಳೆಷ್ಟೋ.

ಬೇರೆ ಮಕ್ಕಳಿಗೆ ತೊಂದರೆಯಾಗುತ್ತದೆಂದು ಹೇಳಿ ಪ್ರವೇಶವನ್ನು ನಿರಾಕರಿಸುವ ಶಾಲೆಗಳಿಗೇನೂ ಕೊರತೆಯಿಲ್ಲ. ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವು 1916ರಲ್ಲಿ ಹುಟ್ಟಿ ಒಂದು ಶತಮಾನವನ್ನು ದಾಟಿದೆ. ಓದು ತಮ್ಮ ಪಾಲಿಗಿಲ್ಲವೆಂದಿದ್ದ ರೈತಮಕ್ಕಳಿಗೆ ವಿದ್ಯೆಯನ್ನು ತೆರೆದುದು ಇಂಥ ಸಂಸ್ಥೆಗಳು, ಉಚಿತ ಪ್ರಸಾದನಿಲಯಗಳು. ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ಅನ್ನ ಮತ್ತು ಸ್ಥಳ ಬೇಕೆಂದು ಆಗ ಹಿರಿಯರಿಗೆ ಹೊಳೆಯಿತು. ಕಿವುಡು ಹುಡುಗಿಗೆ ಸನ್ನೆಭಾಷೆ ಬಲ್ಲ ಒಬ್ಬ ಉಪಾಧ್ಯಾಯಿನಿ ಬೇಕೆಂದು ನಮಗೆ ಹೊಳೆಯಬೇಕಾಗಿದೆ.

ನಮ್ಮ ಧಾರ್ಮಿಕ ಗ್ರಂಥಗಳ ಮಾತನ್ನೂ ಇಲ್ಲಿಯೇ ಹೇಳಿಬಿಡುವುದು ಲೇಸು. ಭಾರತದ ಭಾಷೆಗಳಿಗೆಲ್ಲ ಹೊಂದುವ ಬ್ರೈಲ್ ಲಿಪಿಯನ್ನು 1951ರಲ್ಲಿಯೇ ಒಪ್ಪಿಕೊಳ್ಳಲಾಯಿತು. ಅದರಲ್ಲಿ ವಚನಗಳನ್ನು ಅಚ್ಚು ಹಾಕಿಸುವ ಮಠಗಳೆಷ್ಟು? ಈಗ ಕೈಯೊಳಗಿನ ದೂರವಾಣಿಯೇ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಆದರೆ ಅಕ್ಷರವು ಯೂನಿಕೋಡಿನಲ್ಲಿರಬೇಕು. ಹಳೆಯ ಅಕ್ಷರವಿನ್ಯಾಸಗಳಲ್ಲಿ ಜೋಡಿಸಿದ ಪುಟವನ್ನೋ ಪುಟದ ಚಿತ್ರವನ್ನೋ ಕಳುಹಿಸಿದರೆ ಯಂತ್ರವು ಅರ್ಥವಿಲ್ಲದ ಸದ್ದು ಮಾಡುತ್ತದೆ, ಇಲ್ಲವೆ ಸುಮ್ಮನಿರುತ್ತದೆ. ಅಂಧರಿಗೆ ಎಟಕುವ ರೂಪದಲ್ಲಿ ಪುಸ್ತಕವನ್ನು ಮಾಡಿಕೊಡಲು ಕೃತಿಸ್ವಾಮ್ಯದ ತೊಡಕಿಲ್ಲದಂತೆ 2012ರಲ್ಲಿಯೇ ಶಾಸನವನ್ನು ತಿದ್ದಲಾಗಿದೆ. ಖರ್ಚಿಲ್ಲದ ಕೆಲಸವಿದು, ಲಕ್ಷ್ಯವಿದ್ದರೆ ಸಾಕು.

ಕಾಯಕದ ಮಾತಿಗೆ ಬರೋಣ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರು ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದವರು. ಒಂದು ದಿನ ಮಾರಯ್ಯನವರು ವಾಡಿಕೆಗಿಂತ ಹೆಚ್ಚಾಗಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹ���ಳಿದರು. ಕಾಯಕದ ಹಿರಿಮೆಯು ರಾಶಿಯಲ್ಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಸಿರುಗುಪ್ಪದ ಅಕ್ಕಿಗಿರಣಿಗಳ ಒಡೆಯರಲ್ಲಿ ನಮ್ಮ ಭಕ್ತರು ಅನೇಕರಿದ್ದಾರೆ. ಬಳ್ಳಾರಿಯ ಜೀನ್ಸ್ ಹೊಲಿಗೆಯ ಕಾರ್ಖಾನೆಗಳಲ್ಲಿಯೂ ಕೆಲಸ ಕೊಡುವವರಿದ್ದಾರೆ. ಚೀಲ ಹೊರಲಾರದವನು ತೂಕ ಬರೆಯಬಲ್ಲನು, ಲೆಕ್ಕ ಇಡಬಲ್ಲನು. ಕಾಲಿನಲ್ಲಿ ಬಲವಿಲ್ಲದವಳು ಕೈಯಿಂದ ನಡೆಸುವ ಮೋಟಾರು ಯಂತ್ರದಲ್ಲಿ ಹೊಲಿಯಬಲ್ಲಳು. ಕಿವಿ ಕೇಳದವನಿಗೆ ಗಿರಣಿಯ ಸದ್ದಿನಿಂದ ಬೇಸರವೂ ಇಲ್ಲ. ಅಪಾಯದ ಗಂಟೆಯ ಜೊತೆಗೆ ಒಂದು ಕೆಂಪು ದೀಪವಿಟ್ಟರಾಯಿತು. ಆ ದೀಪವೇ ದಂಡಿ ಅಡಿಗಳ ಹಗ್ಗ. ಸರ್ಕಾರದ ಹುದ್ದೆಗಳಲ್ಲಿ ಶೇಕಡಾ 4ರಷ್ಟು ಮೀಸಲಾತಿಯಿದೆ, ನಿಜ. ಆದರೆ ಹುದ್ದೆಗಳೆಷ್ಟು, ಯುವಕರೆಷ್ಟು? ಅಂಗಡಿ ಗಿರಣಿಗಳ ಬಾಗಿಲು ತೆರೆಯದೆ ಈ ಲೆಕ್ಕವು ಸರಿಹೋಗುವುದಿಲ್ಲ.

ಅಂಗವಿಕಲರು ನಮ್ಮ ಕಣ್ಣಿಗೆ ಗುಂಪಾಗಿ ಬೀಳುವ ಸ್ಥಳವೆಂದರೆ ಜಾತ್ರೆ. ಕುರುಗೋಡಿನ ದೊಡ್ಡಬಸವೇಶ್ವರನ ರಥೋತ್ಸವಕ್ಕೆ ಹೋಗುವವರು ದಾರಿಯ ಎರಡೂ ಕಡೆ ಬಟ್ಟೆ ಹಾಸಿ ಕುಳಿತವರನ್ನು ನೋಡಿರಬಹುದು. ಒಬ್ಬೊಬ್ಬರಿಗೂ ಒಂದು ನಾಣ್ಯ ಹಾಕಿ ಪುಣ್ಯವನ್ನು ಗಂಟು ಕಟ್ಟಿಕೊಂಡು ಮುಂದೆ ಹೋಗುತ್ತೇವೆ. ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ ನಿಂತಾಗ ಅದು ದಾನವಾಗುತ್ತದೆ. ಕೊಡುವವನ ಅಹಂಕಾರವು ಅಳಿದಾಗ ಮಾತ್ರ ಅದು ದಾಸೋಹ. ಆ ಮಹಾನಂದಿಯ ದರ್ಶನಕ್ಕೆ ಗಾಲಿಕುರ್ಚಿಯಲ್ಲಿ ಬಂದ ಭಕ್ತನು ಭಿಕ್ಷೆಯ ಸಾಲಿನಲ್ಲಲ್ಲದೆ ಭಕ್ತರ ಸಾಲಿನಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ಜಾತ್ರೆಯ ಹಿರಿಯರು ಮೊದಲೇ ಗೊತ್ತುಮಾಡಬಹುದು. ಪ್ರಸಾದದ ಪಂಕ್ತಿಯಲ್ಲಿ ನೆಲಕ್ಕೆ ಕೂರಲಾರದವರಿಗೆ ಎರಡು ಬೆಂಚು ಹಾಕಿಸಬಹುದು. ಮುದುಕರಿಗೂ ಅದು ಒದಗುತ್ತದೆ.

ಪ್ರಸಂಗವಶಾತ್ ಒಂದು ನೆನಪು. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳಗಳ ಬಂಡೆಗಳ ಮೇಲೆ ಅಶೋಕನ ಲಘು ಶಿಲಾಶಾಸನಗಳಿವೆ. ಸಾಧನೆಯು ದೊಡ್ಡವರ ಸೊತ್ತಲ್ಲ, ಉತ್ಸಾಹವಿದ್ದರೆ ಸಣ್ಣವರಿಗೂ ಅದು ಎಟಕುತ್ತದೆಂಬುದು ಆ ಬಗೆಯ ಶಾಸನಗಳ ಸಾರ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ನಮ್ಮ ಗದ್ದೆಬಯಲಿನ ಕಲ್ಲಿನ ಮೇಲೆ ಬರೆಸಿದ ಮಾತು ಇದು.

ಇನ್ನು ಕಚೇರಿ, ಆಸ್ಪತ್ರೆ, ವಾಹನಗಳು. ಬಸ್ಸಿನ ರಿಯಾಯಿತಿ ಪಾಸು ಕೈಯಲ್ಲಿರುತ್ತದೆ. ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲಿಗಿಂತ ಮೇಲಿರುತ್ತದೆ. ಸಿರುಗುಪ್ಪದಿಂದ ಬಳ್ಳಾರಿಗೆ 50 ಕಿಲೋಮೀಟರಿಗೂ ಹೆಚ್ಚು ದಾರಿ. ಹಾಸಿಗೆ ಹಿಡಿದವನನ್ನು ವೈಕಲ್ಯದ ಪ್ರಮಾಣಪತ್ರಕ್ಕಾಗಿ ಅಷ್ಟು ದೂರ ಹೊತ್ತು ತಂದು, ಈ ದಿನ ವೈದ್ಯರಿಲ್ಲವೆಂದು ಕೇಳಿ ಹಿಂದಿರುಗುವ ಕುಟುಂಬಕ್ಕೆ ಆ ದಿನದ ಕೂಲಿಯೂ ಹೋಯಿತು, ಬಾಡಿಗೆ ವಾಹನದ ಹಣವೂ ಹೋಯಿತು. ಇದಕ್ಕೆ ಪರಿಹಾರವಿಲ್ಲವೇ? 2023ರ ಮೇ ತಿಂಗಳ ವಿಧಾನಸಭೆಯ ಚುನಾವಣೆಯಲ್ಲಿ, ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೂ ಎಂಬತ್ತು ದಾಟಿದವರಿಗೂ ಮನೆಯಲ್ಲಿಯೇ ಮತ ಹಾಕುವ ಅವಕಾಶವು ನಮ್ಮ ರಾಜ್ಯದಲ್ಲಿ ದೊರೆಯಿತು. ಅಧಿಕಾರಿಗಳು ಮತಪೆಟ್ಟಿಗೆಯನ್ನು ಹೊತ್ತು, ಕೆಸರು ಓಣಿಗಳನ್ನು ದಾಟಿ, ಹಾಸಿಗೆಯ ಬಳಿಗೆ ಬಂದರು. ಮತಕ್ಕಾಗಿ ಬಂದ ಸರ್ಕಾರವು ಪ್ರಮಾಣಪತ್ರಕ್ಕಾಗಿ ಬರಲಾರದೆಂದರೆ ನಂಬುವುದು ಹೇಗೆ?

ಕಟ್ಟಡಗಳ ವಿಷಯದಲ್ಲಿ ಶಾಸನವು ಗಡುವನ್ನೇ ಇಟ್ಟಿತ್ತು. ನಿಯಮಗಳು 2017ರ ಜೂನ್ ತಿಂಗಳಿನಲ್ಲಿ ಪ್ರಕಟವಾದುವು. ಹಳೆಯ ಸಾರ್ವಜನಿಕ ಕಟ್ಟಡಗಳೆಲ್ಲ ಐದು ವರ್ಷಗಳೊಳಗೆ ಎಲ್ಲರಿಗೂ ಸುಗಮವಾಗಬೇಕೆಂದಿತ್ತು. ಆ ಐದು ವರ್ಷ 2022ರಲ್ಲಿಯೇ ಮುಗಿದುವು. 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು, ಸುಗಮತೆಯ ಮಾನದಂಡಗಳು ಬರಿಯ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಿರಬೇಕೆಂದು ತೀರ್ಪಿತ್ತಿತು. ಮಾನದಂಡವೇನು ಘನವಾದುದಲ್ಲ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಅರ್ಧ ಅಡಿಯ ಮೂರು ಮೆಟ್ಟಿಲುಗಳಿದ್ದರೆ ಹದಿನೆಂಟು ಅಡಿಯ ಇಳಿಜಾರು, ಎರಡೂ ಪಕ್ಕಗಳಲ್ಲಿ ಹಿಡಿಕೆ. ತನಿಖೆಗೆ ತೋರಿಸಲೆಂದು ಆರು ಅಡಿಯಲ್ಲಿ ಮುಗಿಸಿದ ಇಳಿಜಾರುಗಳನ್ನು ನೋಡಿದ್ದೇವೆ. ಅದರಲ್ಲಿ ಗಾಲಿಕುರ್ಚಿಯು ಹತ್ತುವುದಿಲ್ಲ, ಹಿಂದಕ್ಕೆ ಉರುಳುತ್ತದೆ. ನಯವಾದ ಗ್ರಾನೈಟು ಹಾಸಿದ್ದರೆ ಊರುಗೋಲೂ ಜಾರುತ್ತದೆ. ಶೌಚಾಲಯದ ಬಾಗಿಲು ಮೂರು ಅಡಿಯಾದರೂ ಇರಬೇಕೆಂಬುದನ್ನು ಕಲ್ಯಾಣಮಂಟಪ ಕಟ್ಟಿಸುವವರು ನಕ್ಷೆಯ ಕಾಲದಲ್ಲಿಯೇ ನೆನೆದರೆ ಮುಂದೆ ಗೋಡೆ ಒಡೆಯುವ ಕೆಲಸವಿರುವುದಿಲ್ಲ.

ಕುರುಗೋಡು ಪ್ರತ್ಯೇಕ ತಾಲ್ಲೂಕಾಗಿ ಕೆಲವೇ ವರ್ಷಗಳಾದುವು. ಅಲ್ಲಿ ಕಚೇರಿಗಳಿಗೆ ಹೊಸ ಕಟ್ಟಡಗಳು ಏಳುವಾಗ ಈ ಮಾತನ್ನು ನೆನಪಿಸುವ ಅವಕಾಶವು ಊರಿನ ಹಿರಿಯರಿಗಿದೆ.

ಹಳ್ಳಿಗಳಲ್ಲಿರುವ ವಾಚಕರು ಒಂದು ವ್ಯವಸ್ಥೆಯನ್ನು ತಿಳಿದಿರಬೇಕು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇರುತ್ತಾರೆ. ಈ ಗೌರವಧನದ ಕೆಲಸಕ್ಕೆ ಅಂಗವಿಕಲರನ್ನೇ ತೆಗೆದುಕೊಳ್ಳುತ್ತಾರೆ. ಮಾಸಾಶನ, ಗುರುತಿನ ಚೀಟಿ, ಸಾಧನಸಲಕರಣೆಗಳ ಅರ್ಜಿಗಳನ್ನು ಬರೆಯುವವರು ಅವರೇ. ಪಂಚಾಯಿತಿಯು ತನ್ನ ಸ್ವಂತ ವರಮಾನದಲ್ಲಿ ಶೇಕಡಾ 5ರಷ್ಟನ್ನು ಅಂಗವಿಕಲರಿಗಾಗಿ ವೆಚ್ಚಮಾಡಬೇಕೆಂದು ಸರ್ಕಾರದ ಆದೇಶವಿದೆ. ಆ ಹಣವು ವರ್ಷದ ಕೊನೆಗೆ ಯಾವುದೋ ಬಾಬಿನಲ್ಲಿ ಕರಗಿಹೋಗದಂತೆ ಕೇಳಬೇಕಾದ ಸ್ಥಳವು ವಿಕಲಚೇತನರ ಸಮನ್ವಯ ಗ್ರಾಮಸಭೆ. ನಾಲ್ಕು ಮಂದಿ ಅಂಗವಿಕಲರಷ್ಟೇ ಅಲ್ಲಿ ಕುಳಿತರೆ ನಡೆವಳಿ ಪುಸ್ತಕದಲ್ಲಿ ಸಹಿಯಾಗಿ ಸಭೆ ಮುಗಿಯುತ್ತದೆ. ಊರಿನ ಗೌಡರು, ಶಾಲೆಯ ಮುಖ್ಯೋಪಾಧ್ಯಾಯರು, ಮಠದ ಭಕ್ತರು ಜೊತೆಯಲ್ಲಿ ಕುಳಿತರೆ ಲೆಕ್ಕವನ್ನು ಓದಿ ಹೇಳಬೇಕಾಗುತ್ತದೆ. ಸಭೆಯ ದಿನವನ್ನು ಡಂಗುರದಿಂದ ಮಾತ್ರ ಸಾರಿದರೆ ಕಿವಿ ಕೇಳದವರಿಗೆ ತಿಳಿಯದಾದುದರಿಂದ ಪಂಚಾಯಿತಿಯ ಹಲಗೆಯ ಮೇಲೆಯೂ ಬರೆಸಬೇಕು. ಸಭೆಯನ್ನು ಮೇಲ್ಮಹಡಿಯಲ್ಲಿ ಇಡಕೂಡದು. ಬೇಡಿಕೆಯನ್ನು ಬಾಯಿಮಾತಿನಲ್ಲಿ ಹೇಳಿ ಬರದೆ, ಬರಹದಲ್ಲಿ ಕೊಟ್ಟು, ಮುದ್ರೆಯೊತ್ತಿದ ಸ್ವೀಕೃತಿಯನ್ನು ಪಡೆದು ಮನೆಯಲ್ಲಿ ಜೋಪಾನವಾಗಿಟ್ಟುಕೊಳ್ಳತಕ್ಕದ್ದು.